ಬೀರುವಿನ ಹಿಂದಿನ ಗೋಡೆ

"ಇದು ಹೋಗೋದಾ, ಇರೋದಾ?"

ಸಾಮಾನು ಸಾಗಿಸುವವರ ಮೇಸ್ತ್ರಿ ಸೀಮೆಸುಣ್ಣದ ತುಂಡು ಹಿಡಿದು ಪುಸ್ತಕದ ಕಪಾಟಿನ ಮುಂದೆ ನಿಂತಿದ್ದ. ಬೆಳಗಿನಿಂದ ಮನೆಯ ಒಂದೊಂದು ವಸ್ತುವಿಗೂ ಅವನದು ಇದೇ ಪ್ರಶ್ನೆ. ಹೋಗುವುದರ ಮೇಲೆ ಒಂದು ಗೀಟು ಎಳೆಯುತ್ತಿದ್ದ; ಇರುವುದನ್ನು ಮುಟ್ಟದೆ ಮುಂದಕ್ಕೆ ಸಾಗುತ್ತಿದ್ದ.

ಇಂಜಿನಿಯರ್ ತನ್ನ ಕಪಾಟನ್ನು ಯಾರದೋ ಮನೆಯಲ್ಲಿ ಮೊದಲ ಸಲ ಕಂಡವನಂತೆ ನೋಡಿದ.

"ಮೇಡಂನ ಕೇಳಿ."

"ಕೇಳ್ದೆ ಸಾರ್. ಅವರ ಪುಸ್ತಕ, ಅವರ ಬಟ್ಟೆ, ಅವರೇ ಹೇಳ್ಲಿ ಅಂದ್ರು."

"ಹಾಗಾದ್ರೆ ಆಮೇಲೆ."

"ಆಮೇಲೆ ಅನ್ನೋದಕ್ಕೆ ನಮ್ಮಲ್ಲಿ ಗುರುತಿಲ್ವಲ್ಲ ಸಾರ್," ಎಂದು ಮೇಸ್ತ್ರಿ ಹಲ್ಲು ಕಿರಿದ. "ನೀವೂ ಹೀಗೇ ಅಲ್ಲಾಡದೆ ನಿಂತಿದ್ರೆ ನಿಮ್ಮ ಮೇಲೂ ಒಂದು ಗೀಟು ಎಳೆದುಬಿಡ್ತೀನಿ ನೋಡಿ."

ಇಂಜಿನಿಯರ್ ನಕ್ಕ. ನಕ್ಕದ್ದು ಸ್ವಲ್ಪ ಹೆಚ್ಚಾಯಿತು ಎನಿಸಿ ಕಿಟಕಿಯ ಕಡೆ ತಿರುಗಿದ.

ಹೆಂಡತಿಗೆ ದೂರದ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. "ನೀನು ಬರ್ತೀಯಾ?" ಎಂದು ಅವಳು ಕೇಳಿದ್ದು ಬೇಸಗೆಯ ಆರಂಭದಲ್ಲಿ. "ನೋಡೋಣ" ಎಂದಿದ್ದ. ಈಗ ಬೇಸಗೆ ಮುಗಿಯಬೇಕಿತ್ತು. ಹೊರಟೆ ಹೊರಟೆ ಎನ್ನುತ್ತಲೇ ಹೊಸ್ತಿಲ ಮೇಲೆ ನಿಂತು ಮಾತು ಬೆಳೆಸುವ ನೆಂಟನಂತೆ ಅದು ಕದಲುತ್ತಿರಲಿಲ್ಲ. "ನೋಡೋಣ" ಕೂಡ ಇಟ್ಟಲ್ಲೇ ಇತ್ತು. ಅವಳು ಎರಡನೆಯ ಸಲ ಕೇಳಲಿಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಯ ಅರಿವು ತಪ್ಪಿಸುವುದು ಅವಳ ವೃತ್ತಿ. ಸೂಜಿ ಚುಚ್ಚಿದ ಮೇಲೆ ಕಾಯುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವನ ಕಚೇರಿಯಲ್ಲಿ ತಡೆಯುವವರು ಯಾರೂ ಇರಲಿಲ್ಲ. ಅರ್ಜಿ ಹಾಕಿದ್ದರೆ ಆ ಊರಿಗೇ ವರ್ಗ ಸಿಗುತ್ತಿತ್ತು. ಹಾಕಲಿಲ್ಲ. ಯಾಕೆ ಹಾಕಲಿಲ್ಲ ಎಂದು ಯಾರಾದರೂ ಕೇಳಿದ್ದರೆ ಒಂದು ಕಾರಣವನ್ನಾದರೂ ಹುಡುಕುತ್ತಿದ್ದ. ಯಾರೂ ಕೇಳಲಿಲ್ಲ.

ಫ್ಯಾನನ್ನು ಎಲ್ಲಕ್ಕಿಂತ ಮೊದಲು ಬಿಚ್ಚಿದ್ದರು. ಸೂರಿನಿಂದ ಎರಡು ತಂತಿ ನಾಲಗೆ ಚಾಚಿದಂತೆ ಜೋತಾಡುತ್ತಿದ್ದವು. ಗಾಳಿ ಸತ್ತು ಬಿದ್ದಿತ್ತು. ಅಡುಗೆಮನೆಯಿಂದ ಅವಳ ದನಿ ಕೇಳಿಸಿತು. ಫೋನನ್ನು ಕಟ್ಟೆಯ ಮೇಲಿಟ್ಟು, ಜೋರಾಗಿ ಕೇಳುವಂತೆ ಮಾಡಿ, ಲೋಟಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತುತ್ತಿದ್ದಳು.

"ಅಳಿಯಂದ್ರು ಏನ್ಮಾಡ್ತಾ ಇದಾರೆ?" ಅತ್ತೆಯ ದನಿ.

"ಮೇಲ್ವಿಚಾರಣೆ."

"ಕೈಹಚ್ಚೋಕೆ ಹೇಳೇ ಒಂಚೂರು."

"ಅವರು ಕೈಹಚ್ಚಿದ್ರೆ ನಾಳೆ ಹೊರಡಬೇಕಾಗತ್ತೆ ಅಮ್ಮ."

"ಅದ್ಸರಿ. ಇಬ್ಬರೂ ತಾನೇ ಹೊರಡ್ತಿರೋದು?"

ಪತ್ರಿಕೆಯ ಸದ್ದು ನಿಂತಿತು. ಇಂಜಿನಿಯರ್ ಉಸಿರು ಬಿಗಿಹಿಡಿದ.

"ಆಮೇಲೆ ಫೋನ್ ಮಾಡ್ತೀನಿ ಅಮ್ಮ. ಕೈಯಲ್ಲಿ ಗಾಜಿದೆ."

ಗಾಜು ಎಂದದ್ದೇ ಅವನು ಮಲಗುವ ಕೋಣೆಗೆ ಹೋದ.

ಕೋಣೆಯಲ್ಲಿ ಉಳಿದಿದ್ದದ್ದು ಬೀರು ಒಂದೇ. ಇಡೀ ಬಾಗಿಲಿಗೆ ಕನ್ನಡಿ ಕೂರಿಸಿದ, ಕಬ್ಬಿಣದ, ಮೊಂಡ ಬೀರು. ಅದರ ಮೇಲೆ ಮೇಸ್ತ್ರಿಯ ಗೀಟು ಬಿದ್ದಿತ್ತು. ಬೆಳಗ್ಗೆ ಆಳುಗಳು ಅದಕ್ಕೆ ಕೈಹಾಕಿದಾಗ "ಅದು ಕೊನೆಗೆ" ಎಂದು ತಡೆದವನು ಅವನೇ. ಭಾರದ್ದನ್ನು ಮೊದಲು ಏರಿಸಬೇಕು ಎಂದು ಮೇಸ್ತ್ರಿ ಗೊಣಗಿದ್ದ. "ಕೊನೆಗೆ" ಎಂದು ಇವನು ಇನ್ನೊಮ್ಮೆ ಹೇಳಿದ್ದ. ಇಡೀ ದಿನ ಅವನು ಖಚಿತವಾಗಿ ಆಡಿದ ಮಾತು ಅದೊಂದೇ.

ಅವನು ಬಿರುಕುಗಳ ಇಂಜಿನಿಯರ್. ಹಳೆಯ ಕಟ್ಟಡಗಳ ಬಿರುಕು ನೋಡಿ ವರದಿ ಬರೆಯುವುದು ಕೆಲಸ. ಕಚೇರಿಯಲ್ಲಿ ಬಿರುಕಪ್ಪ ಎನ್ನುತ್ತಿದ್ದರು. ಎದುರಿಗೇ ಎನ್ನುತ್ತಿದ್ದುದರಿಂದ ಅದು ಪ್ರೀತಿ ಇರಬೇಕು. ಬಿರುಕಿನಲ್ಲಿ ಎರಡು ಜಾತಿ. ಸತ್ತ ಬಿರುಕು, ಎಂದೋ ಒಮ್ಮೆ ಬಿಟ್ಟು ಅಲ್ಲಿಗೇ ನಿಂತದ್ದು. ಗಾರೆ ತುಂಬಿ ಬಣ್ಣ ಬಳಿದರೆ ಆಯಿತು. ಜೀವಂತ ಬಿರುಕು, ಕಣ್ಣಿಗೆ ಕಾಣದಂತೆ ಇನ್ನೂ ಅಗಲವಾಗುತ್ತಲೇ ಇರುವುದು. ನೋಟಕ್ಕೆ ಎರಡೂ ಒಂದೇ. ಆದ್ದರಿಂದ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಎರಡೂ ತುದಿಗೆ ಗಾರೆ ಮೆತ್ತಿ ಅಂಟಿಸಿ ಬರುತ್ತಾರೆ. ಕೆಲವು ತಿಂಗಳು ಬಿಟ್ಟು ಹೋಗಿ ನೋಡುತ್ತಾರೆ. ಗಾಜು ಇಡಿಯಾಗಿದ್ದರೆ ಬಿರುಕು ಸತ್ತಿದೆ. ಒಡೆದಿದ್ದರೆ ಜೀವವಿದೆ.

"ನಮ್ಮಲ್ಲಿ ಜೀವ ಇದೆ ಅಂದ್ರೆ ಸಂತೋಷ, ನಿಮ್ಮಲ್ಲಿ ಸತ್ತಿದೆ ಅಂದ್ರೆ ಸಂತೋಷ," ಎಂದು ಮದುವೆಯಾದ ಹೊಸದರಲ್ಲಿ ಹೆಂಡತಿ ನಕ್ಕಿದ್ದಳು. ಈ ಮಾತನ್ನು ಅವನು ಅನೇಕ ಕಡೆ ತನ್ನದೇ ಎಂಬಂತೆ ಹೇಳಿದ್ದ.

ಈ ಮನೆಗೆ ಬಂದ ವಾರವೇ ಕೋಣೆಯ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತ್ತು. ಅಭ್ಯಾಸಬಲದಿಂದ ಒಂದು ಗಾಜು ಅಂಟಿಸಿದ್ದ. ಮರುದಿನ ಅವಳು ಬೀರುವಿಗೆ ಜಾಗ ಗೊತ್ತು ಮಾಡಿದ್ದು ಆ ಗೋಡೆಗೇ. ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಅಂದಿನಿಂದ ಗಾಜನ್ನು ನೋಡಿರಲಿಲ್ಲ. ಆದರೆ ಜಗಳವಾದ ರಾತ್ರಿಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಜಗಳವೂ ಆಗದ ರಾತ್ರಿಗಳಲ್ಲಿ, ಬೀರುವಿನ ಕಡೆ ಮುಖ ಮಾಡಿ ಮಲಗಿ ಅದರ ಬಗ್ಗೆ ಯೋಚಿಸುತ್ತಿದ್ದ.

ನಿನ್ನೆ ಅದು ತಾನಾಗಿಯೇ ತೀರ್ಮಾನವಾಗಿಹೋಗಿತ್ತು. ಗಾಜು ಇಡಿಯಾಗಿದ್ದರೆ ಹೋಗುವುದು. ಒಡೆದಿದ್ದರೆ ಇರುವುದು. ಇದನ್ನು ಮೂಢನಂಬಿಕೆ ಎನ್ನಲು ಅವನು ಒಪ್ಪುತ್ತಿರಲಿಲ್ಲ. ಹಲ್ಲಿ ಲೊಚಗುಟ್ಟಿತು ಎಂದು ನಿಲ್ಲುವವರು ಬೇರೆ. ಇದು ಮಾಪನ.

ನಡುಹಗಲಿಗೆ ಕಪಾಟೊಂದು ಬಿಟ್ಟು ಹಜಾರ ಬರಿದಾಯಿತು. ಅವಳು ಬ್ರೆಡ್ಡಿನ ಎರಡು ತುಂಡು ತಂದುಕೊಟ್ಟಳು. ಇಬ್ಬರೂ ನೆಲದ ಮೇಲೆ ಕೂತು ತಿಂದರು. ಕುರ್ಚಿಗಳ ಮೇಲೆ ಗೀಟು ಬಿದ್ದು ಅವು ಕೆಳಗಿಳಿದಿದ್ದವು.

"ರಾತ್ರಿಯೆಲ್ಲ ಓಡಿಸ್ತೀಯಾ?" ಎಂದು ಅವನು ಕೇಳಿದ.

"ನಿದ್ದೆ ಬಂದ್ರೆ ನಿಲ್ಲಿಸ್ತೀನಿ."

"ಲಾರಿ ಹಿಂದೇನೇ ಹೋಗು. ಗುರುತು ಸಿಗತ್ತೆ."

"ಹ್ಞೂಂ."

"ಕನ್ನಡಿ ಹೊರಮುಖ ಇರ್ಲಿ ಅಂತ ಹೇಳು."

ಅವಳು ಅಗಿಯುವುದನ್ನು ನಿಲ್ಲಿಸಿ ಅವನನ್ನು ನೋಡಿದಳು. ಅವಳಿಗೂ ನೆನಪಿತ್ತು. ಎರಡನೆಯ ಮನೆಯಿಂದಲೋ ಮೂರನೆಯದರಿಂದಲೋ ಹೊರಟಾಗ, ಇಂಥದೇ ಬಿಸಿಲಲ್ಲಿ, ಬೀರುವನ್ನು ಲಾರಿಯ ಬಾಲಕ್ಕೆ ಕಟ್ಟಿದ್ದರು. ದಾರಿಯುದ್ದಕ್ಕೂ ಅದರ ಕನ್ನಡಿಯಲ್ಲಿ ಅವರದೇ ಕಾರು ಎದುರಿಗೆ ಬರುತ್ತಿತ್ತು. ಒಳಗೆ ಇಬ್ಬರು. ಅವಳು ಕೈ ಬೀಸಿದರೆ ಅಲ್ಲಿನವಳು ಕೈ ಬೀಸುತ್ತಿದ್ದಳು. "ಪಾಪ, ಯಾರೋ ನಮ್ಮನ್ನ ಎದುರುಗೊಳ್ಳೋಕೆ ಬಂದಿದಾರೆ," ಎಂದು ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂದಿತ್ತು. ಅವನೂ ನಕ್ಕಿದ್ದ. ಆದರೆ ಮಬ್ಬಾಗುತ್ತಾ ಬಂದಂತೆ ಕನ್ನಡಿಯ ಕಾರಿನಲ್ಲಿ ಇಬ್ಬರ ಮುಖ ಅಳಿಸಿಹೋಗಿ ಬರೀ ದೀಪಗಳು ಉಳಿದಿದ್ದನ್ನು ಅವಳಿಗೆ ತೋರಿಸಿರಲಿಲ್ಲ.

"ಹೇಳ್ತೀನಿ," ಎಂದಳು. ಮತ್ತೇನೋ ಕೇಳುವವಳಂತೆ ಕೂತಿದ್ದು, ಎದ್ದು, ಸೀರೆಯ ಮೇಲಿನ ಬ್ರೆಡ್ಡಿನ ಪುಡಿ ಕೊಡವಿದಳು.

ಅವನಿಗೆ ಅದಕ್ಕೂ ಹಿಂದಿನ ಕಾರೊಂದು ನೆನಪಾಯಿತು. ಅಪ್ಪನಿಗೆ ವರ್ಗದ ಕೆಲಸ. ಮನೆಯ ವಾಸನೆ ಮೈಗೆ ಹತ್ತುವಷ್ಟರಲ್ಲಿ ಇನ್ನೊಂದು ಮನೆ. ಶಾಲೆಯ ರಜೆಯಲ್ಲಿ, ಸುಡುವ ರೆಕ್ಸಿನ್ ಸೀಟಿನ ಕಾರಿನಲ್ಲಿ, ಹಾಸಿಗೆ ಪಾತ್ರೆಗಳ ನಡುವೆ ಪ್ರಯಾಣ. ಹಿಂದೆ ಕೂರಲು ಜಾಗವಿರುತ್ತಿರಲಿಲ್ಲ. ಮುಂದಿನ ಎರಡು ಸೀಟುಗಳ ಸಂದಿನಲ್ಲಿ ನಿಂತಿರುತ್ತಿದ್ದ, ಒಂದು ಕೈ ಅಪ್ಪನ ಸೀಟಿನ ಮೇಲೆ, ಒಂದು ಕೈ ಅಮ್ಮನ ಸೀಟಿನ ಮೇಲೆ. ಅವರಿಬ್ಬರೂ ಜಗಳವಾಡುವಾಗ ಮಾತಾಡುತ್ತಿರಲಿಲ್ಲ. ಸೀಟು ಬಿಗಿಯುತ್ತಿತ್ತು. ಅಂಗೈಗೆ ಗೊತ್ತಾಗುತ್ತಿತ್ತು.

ಒಂದು ಸಲ ಬಯಲ ನಡುವೆ ಅಮ್ಮ "ನಿಲ್ಸಿ" ಎಂದು ಇಳಿದು ರಸ್ತೆಯಲ್ಲಿ ನಡೆಯತೊಡಗಿದಳು. ಅಪ್ಪ ಅವಳ ಹಿಂದೆ ಕಾರನ್ನು ಹೆಜ್ಜೆ ಹೆಜ್ಜೆಯಾಗಿ ಬಿಡುತ್ತಿದ್ದ. ಕರೆಯಲಿಲ್ಲ. ಅವಳು ತಿರುಗಲಿಲ್ಲ. ಡಾಂಬರಿನ ಮೇಲೆ ಬಿಸಿಲು ನೀರಿನಂತೆ ಅಲ್ಲಾಡುತ್ತಿತ್ತು. ಆ ಹೊತ್ತೆಲ್ಲ ಅವನ ಒಂದು ಕೈ ಖಾಲಿ ಸೀಟಿನ ಮೇಲೇ ಇತ್ತು. ತೆಗೆದರೆ ಏನೋ ಆಗಿಬಿಡುತ್ತದೆ ಎಂದು ತೆಗೆದಿರಲಿಲ್ಲ. ಅಮ್ಮ ಬಂದು ಕೂತಳು. ತನ್ನ ಕೈಯಿಂದಲೇ ಅವಳು ಬಂದದ್ದು ಎಂದು ಅವನು ಬಹಳ ಕಾಲ ನಂಬಿದ್ದ.

ಹೊತ್ತು ಇಳಿಯತೊಡಗಿತ್ತು. ಬಿಸಿಲು ಇಳಿಯಲಿಲ್ಲ. ಆಳುಗಳು ಕೆಳಗೆ ಲಾರಿಯ ನೆರಳಲ್ಲಿ ಚಹಾ ಕುಡಿಯುತ್ತಾ ಯಾವುದಕ್ಕೋ ಗಹಗಹಿಸುತ್ತಿದ್ದರು. ಅವಳು ಗಡಿಯಾರ ನೋಡಿಕೊಂಡು ಕೋಣೆಗೆ ಬಂದಳು.

"ಬಾ. ಇದನ್ನ ಗೋಡೆಯಿಂದ ನಾವೇ ಸರಿಸಿಕೊಡೋಣ. ಅವರ ಚಹಾ ಮುಗಿಯೋ ಹಾಗಿಲ್ಲ."

"ಅವರು ಬರ್ಲಿ ಬಿಡು."

"ಎಷ್ಟು ಸಲ ಸರಿಸಿಲ್ಲ ನಾವು."

ಅದೂ ನಿಜ. ಪ್ರತಿ ಮನೆಯಲ್ಲೂ ಇವರೇ ಸರಿಸಿದ್ದು. ಅವಳು ಎಣಿಸುವುದು, ಇಬ್ಬರೂ ನೂಕುವುದು. ಪ್ರತಿ ಮನೆಯಲ್ಲೂ ಒಂದೇ ಜಗಳ. ಅವಳು ಮೂರು ಅನ್ನುತ್ತಲೇ ನೂಕುತ್ತಿದ್ದಳು. ಅವನು ಮೂರು ಅಂದಾದ ಮೇಲೆ. ಬೀರು ಒಮ್ಮೆ ಸೊಟ್ಟಗೆ ತಿರುಗಿಯೇ ಮುಂದೆ ಸರಿಯಬೇಕು. ಇಷ್ಟು ವರ್ಷದಲ್ಲಿ ಅದೊಂದನ್ನು ಕೂತು ಮಾತಾಡಿ ಬಗೆಹರಿಸಿಕೊಂಡಿರಲಿಲ್ಲ. ಪ್ರತಿ ಸಲವೂ ಇದೇ ಕೊನೆಯ ಮನೆ ಎಂದುಕೊಂಡಿದ್ದರು.

ಅವಳು ಒಂದು ಪಕ್ಕದ ಹಿಂದಂಚಿಗೆ ಹೆಗಲು ಕೊಟ್ಟಳು. ಅವನು ಇನ್ನೊಂದಕ್ಕೆ. ಈ ಸಲ ಅವಳ ಹಾಗೆಯೇ, ಮೂರು ಅನ್ನುತ್ತಲೇ ನೂಕಬೇಕು ಎಂದುಕೊಂಡ.

"ಒಂದು," ಎಂದಳು. "ಎರಡು."

ಅವನು ಸಿದ್ಧನಾದ.

"ಮೂರು."

ಅವನು ನೂಕಿದ. ಅವಳು ನೂಕಲಿಲ್ಲ, ಈ ಸಲ ಅವಳು ಅವನಿಗಾಗಿ ಕಾದಿದ್ದಳು. ಬೀರು ಅವನ ಕಡೆಯಿಂದ ತಿರುಚಿ, ಹಿಂದಿನ ಮೂಲೆ ಗೋಡೆಗೆ ತಾಗಿ, ಆಮೇಲೆ ಅವಳು ನೂಕಿದಾಗ ಕಿರುಗುಟ್ಟುತ್ತಾ ಮುಂದಕ್ಕೆ ಬಂತು. ನಡುವೆ ಎಲ್ಲೋ ಒಂದು ಸಣ್ಣ ಸದ್ದಾಯಿತು. ಟಿಕ್. ಖಾಲಿ ಬೀರುವಿನೊಳಗೆ ಉಳಿದ ಹ್ಯಾಂಗರ್ ಇರಬಹುದು. ಇಲ್ಲದಿರಬಹುದು.

"ಛೆ. ನೀನು ಆಮೇಲೆ ತಾನೇ ನೂಕೋದು?" ಎಂದಳು.

"ನೀನು ಮೊದಲು ತಾನೇ?"

ಇಬ್ಬರಿಗೂ ನಗು ಬರಬೇಕಿತ್ತು. ಬಾಯಿಯವರೆಗೆ ಬಂದೂ ಇತ್ತು. ಅಷ್ಟರಲ್ಲಿ ಅವನು ಹಿಂದೆ ಬಗ್ಗಿದ.

ಬೀರು ಇದ್ದಲ್ಲಿ ಗೋಡೆಯ ಬಣ್ಣ ಹೊಸದಾಗಿಯೇ ಉಳಿದಿತ್ತು, ಆಳೆತ್ತರದ ಚೌಕ. ಅದರ ನಟ್ಟನಡುವೆ ಬಿರುಕು. ಬಿರುಕಿನ ಮೇಲೆ ಗಾಜು. ಗಾಜು ಎರಡಾಗಿತ್ತು.

"ಏನದು?" ಎಂದು ಅವಳೂ ಬಗ್ಗಿದಳು.

"ಗಾಜು."

"ನೀವು ಹಾಕ್ತೀರಲ್ಲ, ಅದಾ? ಇಲ್ಲಿ ಯಾವಾಗ ಹಾಕಿದೆ?"

"ಬಂದ ವಾರ."

"ನನಗೆ ಹೇಳಲೇ ಇಲ್ಲ."

"ಈಗ ಒಡೀತಾ, ಮೊದಲೇ ಒಡೆದಿತ್ತಾ?"

"ನನಗೇನು ಗೊತ್ತು."

ಒಂದು ದಾರಿಯಿತ್ತು. ಹಳೆಯ ಒಡಕಾದರೆ ಅಂಚಿನಲ್ಲಿ ಧೂಳು ಕೂತಿರುತ್ತದೆ. ಹೊಸದಾದರೆ ಅಂಚು ಶುಭ್ರ. ಭೂತಗನ್ನಡಿ ಹಿಡಿದು, ಏನನ್ನೂ ಮುಟ್ಟದೆ ನೋಡಬೇಕು ಎಂದು ಕಚೇರಿಗೆ ಹೊಸದಾಗಿ ಬಂದವರಿಗೆಲ್ಲ ಅವನೇ ಹೇಳಿಕೊಡುತ್ತಿದ್ದ. ಅವನ ಬೆರಳು ಆಗಲೇ ಅಂಚಿನ ಮೇಲಿತ್ತು. ಬೆರಳು ಬೆವರಿತ್ತು. ತೆಗೆದು ನೋಡಿದಾಗ ಅದರ ಮೇಲೆ ಧೂಳಿನಂಥದೇನೋ, ಗಾರೆಯಂಥದೇನೋ, ಅದರ ನಡುವಿನಿಂದ ಕೆಂಪಗೆ ಒಂದು ಗೆರೆ ಒಸರಿ ಎಲ್ಲವನ್ನೂ ಕಲಸಿಹಾಕಿತು. ಗಾಜಿನ ಅಂಚೂ ಕೆಂಪಾಗಿತ್ತು. ಇನ್ನು ಯಾವ ಭೂತಗನ್ನಡಿಯೂ ಅಲ್ಲಿ ಏನನ್ನೂ ಓದಲಾರದು.

ಅವಳು ಅವನ ಬೆರಳನ್ನು ನೋಡಲಿಲ್ಲ. ಗಾಯಗಳು ಅವಳಿಗೆ ಹೊಸತಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು.

"ಮೊದಲೇ ಒಡೆದಿದ್ರೆ ಏನಾಗ್ತಿತ್ತು?"

ಅವನು ಮತ್ತೆ ಗೋಡೆಯ ಕಡೆಗೇ ತಿರುಗಿದ.

"ಇಡೀ ಬೇಸಗೆ ನಾನು ಕಾದೆ," ಎಂದಳು, ಮೆಲ್ಲಗೆ. "ನೀನು ಗೋಡೇನ ಕೇಳ್ತಾ ಇದ್ದೆ."

"ಹಾಗಲ್ಲ…"

"ಮತ್ತೆ ಹೇಗೆ?"

ಮೆಟ್ಟಿಲ ಮೇಲೆ ಆಳುಗಳ ಹೆಜ್ಜೆ ಕೇಳಿಸಿತು. ಆ ಸದ್ದಿಗೆ ಅವನಿಗೆ ಹೋದ ಜೀವ ಬಂದಂತಾಯಿತು. ಹಾಗಾದದ್ದು ಅವಳಿಗೆ ಕಂಡಿತು.

"ಕೆಳಗಿರ್ತೀನಿ," ಎಂದಳು. "ಲಾರಿ ಹೊರಟ ಮೇಲೆ ಮೂರು ಸಲ ಹಾರ್ನ್ ಮಾಡ್ತೀನಿ. ಆಮೇಲೆ ನಾನೂ ಹೊರಡ್ತೀನಿ."

ಆಳುಗಳು ಬೀರುವನ್ನು ಎತ್ತಿದರು. ಬಾಗಿಲಲ್ಲಿ ಅದು ತಿರುಗುವಾಗ ಕನ್ನಡಿಯಲ್ಲಿ ಬರಿದಾದ ಕೋಣೆ, ಕಿಟಕಿ, ಅದರ ಪಕ್ಕ ಬೆರಳನ್ನು ಬಾಯಲ್ಲಿಟ್ಟುಕೊಂಡು ನಿಂತ ಒಬ್ಬ ಮನುಷ್ಯ, ಎಲ್ಲ ಸರಸರನೆ ಹಾದುಹೋದವು.

ಮೇಸ್ತ್ರಿ ಕೊನೆಯ ಸುತ್ತಿಗೆ ಬಂದ.

"ಸಾರ್, ಕಪಾಟು? ಜಾಗ ಬಿಟ್ಟಿದೀನಿ."

ಇಂಜಿನಿಯರ್ ಬಾಯಿ ತೆರೆದ. ಮೇಸ್ತ್ರಿ ಆ ಬಾಯಿಯನ್ನು ಸ್ವಲ್ಪ ಹೊತ್ತು ಮರ್ಯಾದೆಯಿಂದ ನೋಡಿದ. ಆಮೇಲೆ ಸೀಮೆಸುಣ್ಣದ ತುಂಡನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ.

"ನೀವೇ ಗೀಟು ಎಳ್ಕೊಂಡು ಕೂಗಿ ಸಾರ್. ಲಾರಿ ತಿರುಗಿಸೋವರೆಗೂ ಟೈಮಿದೆ."

ಲಾರಿ ತಿರುಗಿತು. ಅದರ ಗುಡುಗು ನೆಲದಿಂದ ಏರಿ ಬಂದು ಕಿಟಕಿಯ ಗಾಜುಗಳನ್ನು ಗಲಗಲ ಎನಿಸಿತು. ಗೋಡೆಯ ಮೇಲೆ ಗಾಜಿನ ಎರಡು ಚೂರುಗಳೂ ಅದುರಿದವು. ಒಂದು ಕಳಚಿ ಬಿತ್ತು. ಈಗ ಬಿರುಕಿನ ಮೇಲೆ ಏನೂ ಇರಲಿಲ್ಲ.

ಅವನು ಬಣ್ಣ ಮಾಸದ ಚೌಕದ ಎದುರು, ಬೀರು ನಿಂತಿದ್ದ ಜಾಗದಲ್ಲಿ ನಿಂತ. ಆಳೆತ್ತರದ ಚೌಕ ಅವನಿಗೆ ಸರಿಯಾಗಿ ಹೊಂದಿತು. ಬಲ ಅಂಗೈಯನ್ನು ಬಿರುಕಿನ ಈ ಕಡೆ ಒತ್ತಿದ. ಎಡ ಅಂಗೈಯನ್ನು ಆ ಕಡೆ. ಗೋಡೆ ಜ್ವರ ಬಂದವರ ಮೈಯಂತೆ ಸುಡುತ್ತಿತ್ತು. ಉಸಿರು ಬಿಗಿಹಿಡಿದು, ಅಂಗೈಗಳಿಗೆ ಏನಾದರೂ ತಿಳಿಯುತ್ತದೆಯೇ ಎಂದು ಕಾದ.

ಕೆಳಗೆ ಹಾರ್ನ್ ಆಯಿತು.

ಗೋಡೆ ಕದಲಲಿಲ್ಲ. ಅಥವಾ ಎರಡೂ ಕೈ ಅದರ ಜೊತೆಗೇ ಕದಲುತ್ತಿದ್ದವು.

ಇನ್ನೊಮ್ಮೆ ಆಯಿತು.

ಬೆರಳಿನಿಂದ ಹೊರಟ ಕೆಂಪು ಹನಿಯೊಂದು ಹೊಸ ಬಣ್ಣದ ಮೇಲೆ ಕೆಳಗಿಳಿಯುತ್ತಾ ನೆಟ್ಟಗೆ ಒಂದು ಗೀಟು ಎಳೆಯತೊಡಗಿತು. ಅವನು ಕೈ ತೆಗೆಯಲಿಲ್ಲ.