ಹಿಡಿ ಮುರಿದ ಕಪ್ಪಿನ ತೂಕ

ತಕ್ಕಡಿ ಇನ್ನೂರ ಎಂಬತ್ತು ಗ್ರಾಂ ತೋರಿಸಿದಾಗ ತಂಗಿಗೆ ಸಿಟ್ಟೇ ಬಂತು. ಮೇಲಿನ ಮೈದಾ ಪೊಟ್ಟಣ ಇನ್ನೂರ ಐವತ್ತಿತ್ತು. ಇದಕ್ಕೇನು ಬಂತು ರೋಗ? ಎತ್ತಿ ಮತ್ತೆ ಇಟ್ಟಳು. ಇನ್ನೂರ ಎಂಬತ್ತೇ.

ಅಕ್ಕತಂಗಿಯರದು ಒಂದೇ ಅಡುಗೆಮನೆ, ಒಂದೇ ಓವನ್ನು. ದಿನಕ್ಕೊಂದು ಕೇಕು ಮಾಡಿ ಕೆಳಗಿನ ಚಹಾದಂಗಡಿಗೆ ಕೊಡುತ್ತಿದ್ದರು. ಅಳತೆಯೆಲ್ಲ ಹಿಡಿ ಮುರಿದ ಒಂದು ಪಿಂಗಾಣಿ ಕಪ್ಪಿನದು. ಕೇಕಿಗೆ ಎರಡು ಕಪ್ಪು ಮೈದಾ, ಅದನ್ನು ಅಕ್ಕನೇ ತುಂಬಬೇಕು. ತಂಗಿ ತುಂಬಿದ ದಿನ ಕೇಕು ಇಟ್ಟಿಗೆಯಾಗುತ್ತಿತ್ತು. ಅದಕ್ಕೇ ಆಸ್ಪತ್ರೆಗೆ ಹೊರಡುವ ಮೊದಲು ಅಕ್ಕ ಮೈದಾವನ್ನು ಅಳೆದು, ಕಾಗದದ ಪೊಟ್ಟಣ ಕಟ್ಟಿ ಡ್ರಮ್ಮಿನಲ್ಲಿ ಜೋಡಿಸಿಟ್ಟಿದ್ದಳು.

"ದಿನಕ್ಕೊಂದು ತಗೋ, ಮೇಲಿಂದಾನೇ ತಗೋ. ಕೆದಕಬೇಡ. ಸಣ್ಣ ಆಪರೇಷನ್ನು, ಭಾನುವಾರ ಬಂದುಬಿಡ್ತೀನಿ" ಎಂದಿದ್ದಳು. ಕಪ್ಪನ್ನು ಬ್ಯಾಗಿಗೆ ಹಾಕಿಕೊಂಡಿದ್ದೇನೆ ಎಂದೂ ಹೇಳಿದ್ದಳು. "ಇಲ್ಲೇ ಬಿಟ್ರೆ ಒಡೆದು ಹಾಕ್ತೀಯ, ಪೆದ್ದಿ."

ತಂಗಿಗೆ ಅದು ಚುಚ್ಚಿತ್ತು. ಅಕ್ಕ ಬರುವಷ್ಟರಲ್ಲಿ ಆ ಕಪ್ಪಿನ ಲೆಕ್ಕವನ್ನು ಗ್ರಾಮಿಗೆ ಇಳಿಸಿ, ತಾನೇ ತೂಗಿ ಕೇಕು ಮಾಡಿ ಅವಳ ಬಾಯಿ ಮುಚ್ಚಿಸಬೇಕೆಂದು ಹೊಸ ತಕ್ಕಡಿ ತಂದಿದ್ದಳು. ಮೇಲಿನದೊಂದನ್ನು ತೂಗಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಎಲ್ಲಿ ಸುಮ್ಮನಿರುತ್ತಾಳೆ! ಸರಿಯಿದೆಯೋ ಇಲ್ಲವೋ ನೋಡೋಣವೆಂದು ಕೈ ಇಳಿಸಿ ಆಳದಿಂದ ಇನ್ನೊಂದನ್ನು ಎಳೆದಿದ್ದಳು.

ಭಾನುವಾರದವರೆಗೆ ನಾಲ್ಕೈದು ಪೊಟ್ಟಣ ಸಾಕು. ಅವುಗಳ ಕೆಳಗೆ ಬಿಡಿ ಹಿಟ್ಟು ಇದೆಯೆಂದು ತಿಳಿದಿದ್ದಳು. ಇಣುಕಿದರೆ ಡ್ರಮ್ಮಿನ ತುಂಬ ಪೊಟ್ಟಣಗಳೇ. ಒಂದೊಂದನ್ನೇ ತೆಗೆದು ತೂಗಿದಳು. ಮೇಲಿನವೆಲ್ಲ ಇನ್ನೂರ ಐವತ್ತು. ಕೆಳಗಿಳಿದಂತೆ ಇನ್ನೂರ ಅರವತ್ತು, ಎಪ್ಪತ್ತು, ಎಂಬತ್ತು. ಇನ್ನೂ ಕೆಳಗೆ ಮತ್ತೆ ಇನ್ನೂರ ಐವತ್ತು.

ಅಕ್ಕನ ಕೈ ತಪ್ಪುವ ಕೈಯಲ್ಲ. ಬೇಸಿಗೆಯಲ್ಲಿ ಕಪ್ಪಿನ ಬಾಯಿಯನ್ನು ಚಾಕುವಿನ ಬೆನ್ನಿನಿಂದ ಸವರಿ ಸಮ ಮಾಡುತ್ತಿದ್ದಳು. ಮಳೆಗಾಲದಲ್ಲಿ ಹಿಟ್ಟು ತೇವ ಎಳೆಯುತ್ತದೆ, ಸ್ವಲ್ಪ ಜಾಸ್ತಿ ಬೇಕು ಎಂದು ಸವರದೆ ಗುಪ್ಪೆಯಾಗಿಯೇ ಸುರಿಯುತ್ತಿದ್ದಳು. ತಂಗಿ ಕಿಟಕಿಯತ್ತ ನೋಡಿದಳು. ಹೊರಗೆ ರಣಬಿಸಿಲು. ಮಳೆಗೆ ಇನ್ನೂ ಎಷ್ಟೋ ವಾರವಿತ್ತು. ಡ್ರಮ್ಮಿನೊಳಗೆ ಮಾತ್ರ ಮಳೆ ಹಿಡಿದು, ಜೋರಾಗಿ, ನಿಂತೂ ಹೋಗಿತ್ತು.

ಅಯ್ಯೋ ಅಕ್ಕಾ, ಮಳೆಗಾಲ ದಾಟುವಷ್ಟು ದಿನಕ್ಕಾ? ತಳಕ್ಕೆ ಕೈ ಹಾಕಿದಳು. ಗಟ್ಟಿಯಾದದ್ದೇನೋ ತಗುಲಿತು. ಸುತ್ತಿದ್ದ ಕಾಗದ ಬಿಚ್ಚಿದರೆ ಹಿಡಿ ಮುರಿದ ಕಪ್ಪು.

ಅಕ್ಕನಿಗೆ ಫೋನು ಮಾಡಿದಳು.

"ಏನೇ?" ಅಕ್ಕನ ದನಿ ಎಂದಿನಂತೆಯೇ ಇತ್ತು.

"ಅಕ್ಕಾ, ಕಪ್ಪು ಎಲ್ಲಿ?"

"ಇಲ್ಲೇ, ದಿಂಬಿನ ಪಕ್ಕ. ಅದರಲ್ಲೇ ನೀರು ಕುಡೀತಿದ್ದೀನಿ. ಯಾಕೆ?"

ನೀರು ಗುಟುಕರಿಸಿದ ಸದ್ದು ಕೇಳಿತು. ಆಮೇಲೆ ಪಿಂಗಾಣಿ ಮೇಜಿಗೆ ತಾಗಿದ ಸದ್ದು. ಅಲ್ಲಿನ ಯಾವ ಕಪ್ಪಿನದೋ, ಎಷ್ಟೋ ವರ್ಷ ದಿನಾ ಬೆಳಿಗ್ಗೆ ಇದೇ ಅಡುಗೆಮನೆಯಲ್ಲಿ ಕೇಳಿದಂಥದೇ ಸದ್ದು. ತಂಗಿ ಕೈಯಲ್ಲಿದ್ದ ಕಪ್ಪನ್ನು ಎದೆಗೆ ಒತ್ತಿಕೊಂಡಳು.

"ಸುಮ್ನೆ ಕೇಳ್ದೆ."

"ಡ್ರಮ್ಮು ಕೆದಕಿಲ್ಲ ತಾನೇ?"

"ಇಲ್ಲಕ್ಕ."

"ಜಾಣೆ. ಮಳೆ ಬಂತಾ ಅಲ್ಲಿ?"

"ಇನ್ನೂ ಇಲ್ಲ. ಭಾನುವಾರ ಬರ್ತೀಯಲ್ಲ?"

"ಬರದೆ ಇನ್ನೆಲ್ಲಿಗೆ ಹೋಗ್ಲಿ? ಹೋಗು, ಓವನ್ ಹಚ್ಚು. ಹೊತ್ತಾಯ್ತು."

ತಂಗಿ ಕಪ್ಪನ್ನು ಅದೇ ಕಾಗದದಲ್ಲಿ, ಅದೇ ಮಡಿಕೆಗಳಲ್ಲಿ ಸುತ್ತಿ ತಳದಲ್ಲಿಟ್ಟಳು. ಅದರ ಮೇಲೆ ಹಗುರದ ಪೊಟ್ಟಣಗಳು, ಆಮೇಲೆ ಭಾರದವು, ಮತ್ತೆ ಹಗುರದವು. ಸಾಲು ತಪ್ಪಬಾರದೆಂದು ಒಂದೊಂದನ್ನೂ ತೂಗಿ ಇಟ್ಟಳು. ಅಳು ಬಂದು ಅಂಕಿ ಕಾಣದಾದಾಗ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನೋಡಿದಳು.

"ಅಮ್ಮಾ, ಇವತ್ತು ಕೇಕಿಲ್ವಾ?" ಚಹಾದಂಗಡಿಯವನು ಕೆಳಗಿನಿಂದ ಕೂಗಿದ.

ಹೊರಗೆ ಉಳಿದದ್ದು ಇವತ್ತಿನ ಪೊಟ್ಟಣವೊಂದೇ. ಅದನ್ನು ಕೈಗೆತ್ತಿಕೊಂಡಳು.

"ಇಲ್ಲ," ಎಂದಳು. "ಅಕ್ಕ ಬರೋವರೆಗೂ ಇಲ್ಲ."

ಅದನ್ನೂ ಮೇಲಿಟ್ಟು ಮುಚ್ಚಳ ಒತ್ತಿದಳು. ಓವನ್ನಿನ ಗಾಜಿನಲ್ಲಿ ಕಿಟಕಿಯ ಬಿಸಿಲು ಕಾಣುತ್ತಿತ್ತು. ಒಳಗೆ ತಣ್ಣಗಿತ್ತು.