ನಾಲ್ಕು ಗೋಲಿನ ತನಿಖೆ

ಮೂರು ಗೋಲು ಹಿಂದೆ ಬಿದ್ದಿದ್ದ ಕಾಲೇಜು ಹುಡುಗಿಯರ ಹಾಕಿ ತಂಡ ನಾಲ್ಕು ಗೋಲು ಹೊಡೆದು ಗೆದ್ದಾಗ, ಬೀಗದವನು ಮೈದಾನದ ಹಿಂದಿನ ಶೌಚಾಲಯದಲ್ಲಿ ಸಿಕ್ಕಿಹಾಕಿಕೊಂಡಿದ್ದ. ಊರಿನ ಅರ್ಧ ಬಾಗಿಲುಗಳಿಗೆ ಬೀಗ ಕೂರಿಸಿದವನು, ಕೀ ಕಳೆದುಕೊಂಡವರ ಪಾಲಿನ ದೇವರು. ಅಂಥವನು ತುಕ್ಕು ಹಿಡಿದ ಗೇಣುದ್ದದ ಚಿಲಕಕ್ಕೆ ಸೋತು ಮುಕ್ಕಾಲು ಗಂಟೆ ಒಳಗೆ ನಿಂತಿದ್ದ. ಸಲಕರಣೆಯ ಚೀಲ ಅಂಗಡಿಯಲ್ಲಿತ್ತು. ಜೇಬಿನಲ್ಲಿದ್ದದ್ದು ಒಂದು ಕರವಸ್ತ್ರ.

ಒಳಗಿದ್ದರೂ ಎಲ್ಲವೂ ಕೇಳಿಸುತ್ತಿತ್ತು. ಮೊದಲು ಬಾಲು ಗೋಲಿನ ಹಲಗೆಗೆ ಬಡಿದ ಸದ್ದು, ಹಿಂದೆಯೇ ಜನರ ಕೂಗು. ಹೀಗೆ ನಾಲ್ಕು ಸಲ. ಅದರಲ್ಲಿ ಎರಡು ಅವನ ಮಗಳದು.

ತಂಡದ ಪೆನಾಲ್ಟಿ ಕಾರ್ನರ್ ಹೊಡೆಯುವವಳು ಮಗಳೇ. ನಾಲ್ಕು ವರ್ಷಕ್ಕೆ ಹದಿನಾರು ಗೋಲು. ಅಪ್ಪ ಒಂದು ಪಂದ್ಯವನ್ನೂ ತಪ್ಪಿಸಿದವನಲ್ಲ, ಒಂದು ಗೋಲನ್ನೂ ಕಂಡವನಲ್ಲ. ಒಂದು ಗೋಲಿನ ಹೊತ್ತಿಗೆ ಸೀನು ಬಂತು. ಇನ್ನೊಂದಕ್ಕೆ ಮುಂದಿನ ಸಾಲಿನ ಉದ್ದನೆಯ ಮನುಷ್ಯ ಎದ್ದು ನಿಂತು ಸೊಂಟದ ಪಟ್ಟಿ ಸರಿಮಾಡಿಕೊಂಡ. ಮತ್ತೊಂದಕ್ಕೆ ಬ್ಯಾಂಕಿನ ಮ್ಯಾನೇಜರು ಫೋನು ಮಾಡಿ, ತಿಜೋರಿಯ ಬಾಗಿಲು ಕಚ್ಚಿಕೊಂಡಿದೆ, ಒಳಗೆ ತನ್ನ ಊಟದ ಡಬ್ಬಿ ಇದೆ ಎಂದ. ಬರುವ ಭಾನುವಾರದ್ದು ಲೀಗಿನ ಕೊನೆಯ ಪಂದ್ಯ, ಮಗಳಿಗೂ ಕೊನೆಯದು. ಆಮೇಲೆ ಪರೀಕ್ಷೆ, ಔಷಧಿ ಕಂಪನಿಯಲ್ಲಿ ಕೆಲಸ. ಸ್ಟಿಕ್ಕನ್ನು ಇನ್ನು ಮುಟ್ಟುವುದಿಲ್ಲ ಎಂದು ಅವಳು ಊಟದ ಮಧ್ಯೆ, ಉಪ್ಪು ಕೇಳುವಷ್ಟು ಸಲೀಸಾಗಿ ಹೇಳಿಬಿಟ್ಟಿದ್ದಳು. ಅವಳ ಒಂದೇ ಒಂದು ಗೋಲನ್ನು ಕಣ್ಣಾರೆ ನೋಡಬೇಕು. ಬೀಗದವನಿಗೆ ಇದ್ದದ್ದು ಅದೊಂದೇ ಆಸೆ, ಅದಕ್ಕೆ ಉಳಿದದ್ದು ಒಂದೇ ಪಂದ್ಯ.

ಗೆದ್ದ ಮಾರನೆಯ ಬೆಳಿಗ್ಗೆ ಅಭಿಮಾನಿಗಳೆಲ್ಲ ಬೇಕರಿಯ ಹಿಂದಿನ ಕೋಣೆಯಲ್ಲಿ ಸೇರಿದರು. ಎಲ್ಲರೂ ಅಂದರೆ ನಾಲ್ಕು ಜನ: ಬೇಕರಿಯವಳು, ಹಲ್ಲಿನ ಡಾಕ್ಟರು, ಬೀಗದವನು, ಮತ್ತು ಅವನ ಹೆಂಡತಿಯ ಅಣ್ಣ. ಈ ಭಾವ ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಜಮೀನು ಅಳೆದವನು. ನಿವೃತ್ತನಾದ ಮೇಲೆ ಅಳೆಯಲು ಜಮೀನಿಲ್ಲದೆ ಅಭಿಮಾನಿ ಸಂಘದ ಅಧ್ಯಕ್ಷನಾಗಿದ್ದ. ಕೋಣೆಯಲ್ಲಿ ಕುರ್ಚಿಗಳಿರಲಿಲ್ಲ. ಹಿಟ್ಟಿನ ಮೂಟೆಗಳ ಮೇಲೆ ಕೂತರು. ಎದ್ದಾಗ ಪ್ರತಿಯೊಬ್ಬರ ಹಿಂಭಾಗದಲ್ಲೂ ಎರಡು ಬಿಳಿ ಚಂದ್ರ ಮೂಡುತ್ತಿದ್ದವು.

"ಗೆಲುವು ಸುಮ್ಮನೆ ಬರಲ್ಲ," ಎಂದ ಭಾವ. "ಆರು ಪಂದ್ಯ ಸೋತ ತಂಡ ಇದು. ಎರಡನೇ ಸ್ಥಾನದಲ್ಲಿರೋರನ್ನ ಹೊಡೆದು ಹಾಕಿದೆ. ಇದಕ್ಕೆ ಕಾರಣ ಯಾರು? ಇವತ್ತು ಪತ್ತೆ ಆಗಲೇಬೇಕು. ಭಾನುವಾರ ಅದನ್ನೇ ಮತ್ತೆ ಮಾಡಬೇಕು."

"ಹುಡುಗೀರು ಚೆನ್ನಾಗಿ ಆಡಿದ್ರು," ಎಂದ ಬೀಗದವನು.

ಮೂವರೂ ಅವನ ಕಡೆ, ಸಭೆಯಲ್ಲಿ ಆಕಳಿಸಿದವನನ್ನು ನೋಡುವಂತೆ ನೋಡಿದರು.

"ಅದು ಬಿಡು, ಅದು ಅವರ ಕೆಲಸ," ಎಂದಳು ಬೇಕರಿಯವಳು. "ನಾನು ಹೇಳ್ತೀನಿ ಕೇಳಿ. ನಿನ್ನೆ ನಾನು ಏಪ್ರನ್ನು ತಿರುಗಾಮುರುಗಾ ಹಾಕ್ಕೊಂಡಿದ್ದೆ. ಅದೇ ಕಾರಣ."

"ಅದೇ ಏಪ್ರನ್ನು ಹಂಗೇ ಹಾಕ್ಕೊಂಡು ಹೋದ ತಿಂಗಳು ಆರು ಗೋಲು ತಿಂದ್ವಲ್ಲಮ್ಮ," ಎಂದರು ಡಾಕ್ಟರು. "ನನ್ನ ಲೆಕ್ಕದಲ್ಲಿ ಅದು ನನ್ನ ಎಡಗಾಲು. ಜೋಮು ಹಿಡಿದಿತ್ತು. ಅಲ್ಲಾಡಿಸಲೇ ಇಲ್ಲ."

"ಯಾವಾಗ ಹಿಡೀತು?" ಭಾವ ಕೇಳಿದ.

"ಮೂರನೇ ಗೋಲು ಆದಮೇಲೆ."

"ಹಂಗಾದ್ರೆ ಮೊದಲ ಮೂರನ್ನ ನಿಮ್ಮ ಯಾವ ಕಾಲು ಹೊಡೀತು ಡಾಕ್ಟ್ರೇ?"

ಡಾಕ್ಟರ ಕಾಲು ವಜಾ ಆಯಿತು. ಏಪ್ರನ್ನೂ ಹೋಯಿತು. ಭಾವ ತನ್ನ ಹಳೆಯ ಟೋಪಿಯನ್ನು ತಾನೇ ಮುಂದಿಟ್ಟು, ತಾನೇ ಪರಿಶೀಲಿಸಿ, ಬಹಳ ವಿಷಾದದಿಂದ ತಳ್ಳಿಹಾಕಿದ. ಆಗ ಬೇಕರಿಯವಳು ತಟ್ಟೆ ಒರೆಸುತ್ತಿದ್ದ ಕೈ ನಿಲ್ಲಿಸಿ, "ನಾಲ್ಕು ಗೋಲು ಆಗೋವಾಗ ಬೀಗಣ್ಣ ಎಲ್ಲಿದ್ರು?" ಎಂದಳು.

ಮೂವರೂ ಬೀಗದವನ ಕಡೆ ತಿರುಗಿದರು.

"ಮೂರು ತಿಂದಾಗ ನನ್ನ ಪಕ್ಕದಲ್ಲೇ ಇದ್ದ," ಎಂದ ಭಾವ ನಿಧಾನವಾಗಿ. "ಎದ್ದು ಹೋದ. ನಾಲ್ಕು ಬಿತ್ತು."

"ಭಾವ, ಹೊಟ್ಟೆ ಸರಿ ಇರಲಿಲ್ಲ, ಅದಕ್ಕೆ..."

"ಹಿಂದೆ ಒಂದು ಪಂದ್ಯ ಡ್ರಾ ಆಯ್ತಲ್ಲ, ಆಗ ಎಲ್ಲಿದ್ರಿ?" ಎಂದರು ಡಾಕ್ಟರು ಪತ್ತೇದಾರನ ಧ್ವನಿಯಲ್ಲಿ.

"ನಲ್ಲಿ ಹತ್ತಿರ ನೀರು ಕುಡಿಯೋಕೆ ಹೋಗಿದ್ದೆ."

"ಅರ್ಧ ದೂರ, ಅರ್ಧ ಫಲ!" ಭಾವ ಮೂಟೆಯಿಂದ ಜಿಗಿದೆದ್ದ. ಹಿಟ್ಟು ಹಾರಿತು.

ಅದೇ ಮಧ್ಯಾಹ್ನ ಎಲ್ಲರೂ ಮೈದಾನಕ್ಕೆ ಹೋದರು. ಭಾವ ಟೇಪು ತಂದಿದ್ದ. ಮೂರನೇ ಸಾಲಿನ ಸೀಟಿನಿಂದ ನಲ್ಲಿಗೆ ಮೂವತ್ತೆರಡು ಮೀಟರು, ಶೌಚಾಲಯಕ್ಕೆ ಅರವತ್ತನಾಲ್ಕು. ಎರಡು ಪಾಲು! ಡಾಕ್ಟರು ಟೇಪಿನ ತುದಿ ಹಿಡಿದೇ ಅವಾಕ್ಕಾಗಿ ನಿಂತುಬಿಟ್ಟರು. ಬೀಗದವನನ್ನು ಒಳಗೆ ನಿಲ್ಲಿಸಿ, ಪ್ರತಿ ಗೋಲಿನ ಹೊತ್ತಿಗೆ ಯಾವ ಕಡೆ ಮುಖ ಮಾಡಿದ್ದ ಎಂದು ವಿಚಾರಿಸಲಾಯಿತು.

"ಬಾಗಿಲ ಕಡೆ," ಎಂದ ಬೀಗದವನು. "ಶೌಚಾಲಯದಲ್ಲಿ ಸಿಕ್ಕಿಹಾಕ್ಕೊಂಡೋನು ಇನ್ಯಾವ ಕಡೆ ಮುಖ ಮಾಡ್ತಾನೆ?"

"ಬರ್ಕೊಳ್ಳಿ ಡಾಕ್ಟ್ರೇ. ಮುಖ, ಬಾಗಿಲ ಕಡೆ."

ತೀರ್ಮಾನವಾಯಿತು. ಭಾನುವಾರ ಪಂದ್ಯ ಶುರುವಾದಾಗಿನಿಂದ ಮುಗಿಯುವವರೆಗೆ ಬೀಗದವನು ಅಲ್ಲೇ ಇರತಕ್ಕದ್ದು. ಕೂರಲು ಬೋರಲು ಹಾಕಿದ ಬಕೆಟ್ಟು ಸಂಘದಿಂದ. ಬನ್ನು ಬೇಕರಿಯಿಂದ.

"ಅವಳ ಕೊನೇ ಪಂದ್ಯ, ಭಾವ," ಎಂದ ಬೀಗದವನು. "ಹೆತ್ತಪ್ಪ ನಾನು. ಒಂದು ಗೋಲು ನೋಡಿಲ್ಲ."

"ನಿನಗೆ ಗೋಲು ನೋಡಬೇಕೋ, ಅವಳು ಗೋಲು ಹೊಡೀಬೇಕೋ? ಎರಡೂ ಬೇಕು ಅಂದ್ರೆ ಆಗಲ್ಲ ಕಣಯ್ಯ. ನಾಲ್ಕು ವರ್ಷದಿಂದ ಆಗಿಲ್ಲ. ನೀನೇ ಸಾಕ್ಷಿ."

ತಲೆಕೆಟ್ಟ ಮಾತಿಗೆ ಉತ್ತರ ಸಿಗುತ್ತದೆ, ಲೆಕ್ಕ ಸರಿಯಿರುವ ತಲೆಕೆಟ್ಟ ಮಾತಿಗೆ ಸಿಗುವುದಿಲ್ಲ.

ಮನೆಯಲ್ಲಿ ಹೆಂಡತಿಯಾದರೂ ತನ್ನ ಪರ ನಿಲ್ಲುತ್ತಾಳೆಂದು ಅವನು ನಂಬಿದ್ದ. ಅವಳು ಕೇಳಿಸಿಕೊಂಡು, "ಅಣ್ಣ ಹೇಳಿದ್ದು ಸರಿಯಾಗೇ ಇದೆ," ಎಂದಳು. "ನಿಮಗೇನು ಕಷ್ಟ? ಮದುವೆ ಆದಾಗಿಂದ ನೀವು ಒಳಗೆ ಹೋದ್ರೆ ಒಂದು ಗಂಟೆಗಿಂತ ಮುಂಚೆ ಹೊರಗೆ ಬಂದಿದ್ದುಂಟಾ?"

ಮಗಳು ಮೊಣಕಾಲಿನ ಗಾಯಕ್ಕೆ ಔಷಧಿ ಹಚ್ಚಿಕೊಳ್ಳುತ್ತಿದ್ದಳು. ಅಪ್ಪ ಅವಳ ಮುಂದೆ ಕೂತ.

"ನೀನು ಹೇಳು ಪುಟ್ಟಿ. ನಾನು ನೋಡಿದ್ರೆ ಬಾಲು ಗೋಲಿಗೆ ಹೋಗಲ್ವಾ?"

"ಅಪ್ಪಾ, ಹುಚ್ಚು ಮಾತು ಅದು. ಬಾಲಿಗೇನು ಗೊತ್ತು ನೀನು ಎಲ್ಲಿದ್ದೀಯ ಅಂತ? ಬಾ, ಆರಾಮಾಗಿ ನೋಡು." ಹತ್ತಿಯನ್ನು ಮಡಚಿ ಬುಟ್ಟಿಗೆ ಎಸೆದಳು. ಅದು ಬುಟ್ಟಿಯ ಹೊರಗೆ ಬಿತ್ತು. ಅವಳು ಅದನ್ನೇ ಸ್ವಲ್ಪ ಹೊತ್ತು ನೋಡಿದಳು, ಆಮೇಲೆ ಅಪ್ಪನನ್ನು ನೋಡಿದಳು. "ಆದ್ರೆ..." ಎಂದಳು.

ಆ "ಆದ್ರೆ" ಸಾಕಾಯಿತು. ಶನಿವಾರ ಬೀಗದವನು ತಾನೇ ಸಲಕರಣೆಯ ಚೀಲ ಹಿಡಿದು ಶೌಚಾಲಯಕ್ಕೆ ಹೋದ. ಅವನ ಮೇಲೆ ಸಂಘಕ್ಕೆ ಪೂರ್ತಿ ನಂಬಿಕೆಯಿರಲಿಲ್ಲವಾದ್ದರಿಂದ ಹೊರಗಡೆಯಿಂದ ಬೀಗ ಹಾಕುವುದೆಂದು ಆಗಿತ್ತು. ಊರಲ್ಲಿ ಬೀಗ ಕೂರಿಸುವವನು ಇನ್ನೊಬ್ಬನಿಲ್ಲದ್ದರಿಂದ ಅದನ್ನೂ ಅವನೇ ಕೂರಿಸಬೇಕಾಯಿತು.

"ಅಂಗಡೀಲಿರೋದ್ರಲ್ಲೇ ಗಟ್ಟಿ ಬೀಗ ತಂದಿದ್ದೀಯ ತಾನೆ?" ಎಂದ ಭಾವ.

"ಇದನ್ನ ಒಡೆಯೋಕೆ ಆನೆ ಬರಬೇಕು."

ಸುಳ್ಳಲ್ಲ. ಆದರೆ ಕೊಂಡಿಯನ್ನು ಬಾಗಿಲಿಗೆ ಕೂರಿಸಿದಾಗ ಅದರ ನಾಲ್ಕು ಸ್ಕ್ರೂಗಳ ತಲೆ ಹೊರಗೇ ಕಾಣುತ್ತಿತ್ತು. ಹಾಗೆ ಕಂಡರೆ ಬೀಗ ಎಷ್ಟು ಗಟ್ಟಿಯಿದ್ದರೂ ಅಷ್ಟೇ, ಕೊಂಡಿಯನ್ನೇ ಬಿಚ್ಚಿದರೆ ಮುಗಿಯಿತು. ಈ ಕಸುಬಿನಲ್ಲಿ ಮೊದಲ ದಿನ ಕಲಿಸುವ ಪಾಠ ಅದು. ಬೀಗದವನು ಸ್ಕ್ರೂಗಳನ್ನು ನೋಡಿದ, ಭಾವನನ್ನು ನೋಡಿದ, ಚೀಲ ಮುಚ್ಚಿದ.

ಈ ನಡುವೆ ಹಲ್ಲಿನ ಡಾಕ್ಟರು ಒಂದು ಎಡವಟ್ಟು ಮಾಡಿದ್ದರು. ದವಡೆ ಹಲ್ಲು ಕೊರೆಯುತ್ತಾ, ಬಾಯಿ ತೆರೆದು ಮಲಗಿದ್ದ ಒಬ್ಬ ಬಸ್ ಡ್ರೈವರಿಗೆ ಅರವತ್ತನಾಲ್ಕು ಮೀಟರಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ್ದರು. ಬಾಯಿ ತೆರೆದವನು ಮಾತಾಡಲಾರ, ಸರಿ. ಆದರೆ ಕಿವಿಗೇನೂ ಮರಗಟ್ಟುವ ಸೂಜಿ ಕೊಟ್ಟಿರಲಿಲ್ಲ. ಡ್ರೈವರನ ತಂಗಿ ಎದುರು ತಂಡದ ಗೋಲ್‌ಕೀಪರ್.

ಭಾನುವಾರ ಬೀಗದವನು ಬಕೆಟ್ಟಿನ ಮೇಲೆ ಕೂತು, ಮುಖವನ್ನು ಬಾಗಿಲ ಕಡೆ ಮಾಡಿ, ಬನ್ನು ತಿನ್ನುತ್ತಾ ಪಂದ್ಯ ಕೇಳಿದ. ಮೈಕಿನಲ್ಲಿ ಅಂಕ ಹೇಳುತ್ತಿದ್ದರು. ಒಂದಕ್ಕೊಂದು ಆಯಿತು. ಮೂರನೇ ಕ್ವಾರ್ಟರಿನಲ್ಲಿ ತಮ್ಮವರು ಎರಡು, ಅವರು ಒಂದು. ಮಗಳ ಹೆಸರು ಇನ್ನೂ ಬಂದಿರಲಿಲ್ಲ. ಪ್ರತಿ ಸೀಟಿಗೂ ಅವನು ಎದ್ದು ನಿಲ್ಲುತ್ತಿದ್ದ, ಮತ್ತೆ ಕೂರುತ್ತಿದ್ದ. ಹೀಗೇ ಮುಗಿದರೆ ಗೆಲುವು ತಮ್ಮದು. ಹೀಗೇ ಮುಗಿದರೆ ತಾನು ಕಂಡದ್ದು ಒಂದು ಬಾಗಿಲು.

ಹೊರಗೆ ಹೆಜ್ಜೆ ಸದ್ದಾಯಿತು.

"ಅಣ್ಣಾ, ಒಳಗಿದ್ದೀರಾ?" ದವಡೆ ಊದಿದವನ ದನಿ. "ನಾವು ಆ ಕಡೆಯವರು. ಹಾರೆ ತಂದಿದ್ದೀವಿ. ಒಡೆದು ಬಿಡಿಸ್ತೀವಿ, ಬಂದು ನಮ್ಮ ಜೊತೆ ಕೂತ್ಕೊಳ್ಳಿ. ಮುಂದಿನ ಸಾಲು, ಮೆತ್ತನೆ ದಿಂಬು."

ಕೂಗಿದ್ದರೆ ಭಾವ ಓಡಿ ಬರುತ್ತಿದ್ದ. ಬೀಗದವನು ಕೂಗಲಿಲ್ಲ.

"ಆಟ ಮುಗಿಯೋಕೆ ಎಷ್ಟು ಹೊತ್ತಿದೆ?" ಎಂದ.

"ಆರು ನಿಮಿಷ."

ಹಾರೆ ಬೀಗಕ್ಕೆ ತಾಗಿದ ಸದ್ದಿಗೆ ಅವನು ಒಳಗಿನಿಂದ ಬಾಗಿಲು ಬಡಿದ. "ಏಯ್, ಬೀಗ ಮುಟ್ಟಬೇಡಿ! ಒಳ್ಳೇ ಮಾಲು ಅದು. ಕೊಂಡೀಲಿ ಸ್ಕ್ರೂ ಕಾಣಿಸ್ತಿದೆಯಲ್ಲ? ಒಂದು ನಾಣ್ಯ ತಗೊಂಡು ತಿರುಗಿಸಿ. ಎಡಕ್ಕೆ, ಮಾರಾಯ, ಎಡಕ್ಕೆ."

ಅವನು ಬಿಸಿಲಿಗೆ ಬಂದು ಕಣ್ಣು ಕಿರಿದು ಮಾಡಿ ಎರಡು ಹೆಜ್ಜೆ ಇಟ್ಟಿರಲಿಲ್ಲ, ಎದುರು ತಂಡ ಗೋಲು ಹೊಡೆಯಿತು. ಎರಡಕ್ಕೆರಡು. ಡ್ರೈವರು ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ.

ಅವನನ್ನು ಎತ್ತಿಕೊಂಡೇ ಹೋಗಿ ಮುಂದಿನ ಸಾಲಿನ ದಿಂಬಿನ ಮೇಲೆ ಕೂರಿಸಿದರು. ಆಚೆ ಬದಿಯ ಮೂರನೇ ಸಾಲಿನಲ್ಲಿ ಮೊದಲು ನೋಡಿದ್ದು ಹೆಂಡತಿ. "ಅಯ್ಯೋ, ಇವರು ಹೊರಗಿದ್ದಾರೆ!" ಎಂದು ಅವಳು ಕಿರುಚಿದ್ದು ಇಡೀ ಮೈದಾನಕ್ಕೆ ಕೇಳಿಸಿತು. ಬೇಕರಿಯವಳು ಎದ್ದಳು. ಭಾವ ಟೋಪಿ ಕಿತ್ತೆಸೆದು ಗೆರೆಯ ಉದ್ದಕ್ಕೂ ಓಡಿ ಬರತೊಡಗಿದ.

ಸೀಟಿ ಕೇಳಿಸಿತು. ಪೆನಾಲ್ಟಿ ಕಾರ್ನರ್, ತಮ್ಮವರಿಗೆ. ಉಳಿದದ್ದು ಒಂದೂವರೆ ನಿಮಿಷ. ಮಗಳು ಅರ್ಧವೃತ್ತದ ತಲೆಯಲ್ಲಿ ಬಂದು ನಿಂತು ಕೈಗವಸು ಎಳೆದುಕೊಂಡಳು.

"ಕಣ್ಣು ಮುಚ್ಚೋ!" ಭಾವ ಓಡುತ್ತಲೇ ಕೂಗಿದ. "ಹಾಳಾದೋನೇ, ಕಣ್ಣು ಮುಚ್ಚು! ಹೆತ್ತ ಮಗಳು ಕಣೋ ಅವಳು!"

"ತೆಗೀರಿ ಅಣ್ಣಾ, ದೊಡ್ಡದಾಗಿ ತೆಗೀರಿ," ಎಂದು ಡ್ರೈವರು ಅವನ ಗಲ್ಲ ಹಿಡಿದು ಮೈದಾನದ ಕಡೆ ತಿರುಗಿಸಿದ.

ಆ ಬದಿಯವರು ಎದ್ದು "ಮುಚ್ಚು" ಎಂದರು. ಈ ಬದಿಯವರು ಎದ್ದು "ತೆಗಿ" ಎಂದರು. ಮುನ್ನೂರು ಜನರೂ ಬೀಗದವನ ಎರಡು ರೆಪ್ಪೆಗಳನ್ನು ನೋಡುತ್ತಿದ್ದರು. ಕಾದು ಕೂತಿದ್ದ ಆಟಗಾರ್ತಿಯರು ಬೆಂಚಿನ ಮೇಲೆ ಹತ್ತಿ ನೋಡಿದರು. ಮೈಕಿನವನು ಅಂಕ ಹೇಳುವುದು ಬಿಟ್ಟು ಕುತ್ತಿಗೆ ಚಾಚಿದ. ಡ್ರೈವರೂ, ಭಾವನೂ, ಅಲ್ಲಿ ಟೇಪಿಲ್ಲದೆ ಬರಿಗೈಯಲ್ಲಿ ನಿಂತ ಡಾಕ್ಟರೂ ಅವನ ಮುಖವನ್ನೇ ನೋಡುತ್ತಿದ್ದರು.

ಬೀಗದವನು ಕಣ್ಣು ತೆರೆದೇ ಇದ್ದ.

ಗೆರೆಯಿಂದ ಬಾಲು ಹೊರಟಿತು. ತಮ್ಮವಳೊಬ್ಬಳು ಅದನ್ನು ಸ್ಟಿಕ್ಕಿನಿಂದ ನಿಲ್ಲಿಸಿದಳು. ಮಗಳು ಮೂರು ಹೆಜ್ಜೆ ಓಡಿ, ಬಾಗಿ, ಬಾಲನ್ನು ಸ್ಟಿಕ್ಕಿನಲ್ಲಿ ಎಳೆದು ಎತ್ತಿದಳು. ಅದು ಓಡಿ ಬಂದ ಇಬ್ಬರ ಮಧ್ಯೆ ಎದೆಯೆತ್ತರಕ್ಕೆ ಏರಿ, ಡ್ರೈವರನ ತಂಗಿಯ ಭುಜದ ಮೇಲೆ ಹಾದು, ಬಲಗಡೆ ಮೇಲಿನ ಮೂಲೆಯಲ್ಲಿ ಬಲೆಯನ್ನು ಉಬ್ಬಿಸಿ ಕೆಳಗೆ ಬಿತ್ತು.

ಯಾರೂ ಕೂಗಲಿಲ್ಲ. ಅಂಪೈರು ಮಧ್ಯದ ಗೆರೆಗೆ ಕೈ ತೋರಿಸಿ ಸೀಟಿ ಊದಿದಾಗ ಮುನ್ನೂರು ತಲೆಗಳು ಒಟ್ಟಿಗೆ ಅತ್ತ ತಿರುಗಿದವು. ಆಗ ಅಲ್ಲಿ ನೋಡಲು ಏನೂ ಉಳಿದಿರಲಿಲ್ಲ.

"ಏನಾಯ್ತು?" ಎಂದ ಡ್ರೈವರು.

"ಗೋಲು," ಎಂದ ಬೀಗದವನು.

ಪಂದ್ಯ ಮುಗಿದ ಮೇಲೆ ಎರಡೂ ಬದಿಯವರು ಅವನ ಸುತ್ತ ನೆರೆದರು. ಗೆದ್ದವರಿಗೆ ತಾವು ಹೇಗೆ ಗೆದ್ದೆವೆಂದು ಗೊತ್ತಿರಲಿಲ್ಲ, ಸೋತವರಿಗೆ ಹೇಗೆ ಸೋತೆವೆಂದು ಗೊತ್ತಿರಲಿಲ್ಲ. ಭಾವ ಏದುಸಿರು ಬಿಡುತ್ತಾ ಅವನ ತೋಳು ಹಿಡಿದ. ಬೈಯುವುದಕ್ಕೆ ಬಂದವನು ಬೈಗುಳ ಮರೆತು, "ನೆಲದ ಮೇಲೆ ಹೋಯ್ತಾ, ಗಾಳೀಲಾ?" ಎಂದ.

ಮಗಳು ಸ್ಟಿಕ್ಕು ಹೆಗಲಿಗಿಟ್ಟು ಜನರನ್ನು ತಳ್ಳಿಕೊಂಡು ಬಂದಳು.

"ಎಡಗಡೆ ಮೂಲೆ ತಾನೆ ಅಪ್ಪಾ? ನಾನು ಎಡಗಡೆಗೇ ಗುರಿ ಇಟ್ಟಿದ್ದೆ. ಎಲ್ಲರೂ ಬಡ್ಕೋತಿದ್ರಲ್ಲ, ಬಾಲು ಬಿಟ್ಟ ತಕ್ಷಣ ನಿನ್ನ ಕಡೆ ತಿರುಗಿಬಿಟ್ಟೆ. ನೋಡಲಿಲ್ಲ."

"ಬಲಗಡೆ," ಎಂದ ಬೀಗದವನು.

"ಸುಳ್ಳು."

"ಬಲಗಡೆ, ಮೇಲಿನ ಮೂಲೆ. ನೀನು ಗುರಿ ತಪ್ಪಿದ್ದೀಯ."

"ಸರಿಯಾಗಿ ಹೇಳಯ್ಯ, ಮೊದಲಿಂದ," ಎಂದು ಹಿಂದಿನವರು ಕೂಗಿದರು. "ಇಲ್ಲಿ ಕೇಳಿಸ್ತಿಲ್ಲ."

ಬೀಗದವನು ದಿಂಬನ್ನು ಸರಿಮಾಡಿಕೊಂಡು ಕೂತ. ಕೇಳುವವರಿಗೆ ಅಡ್ಡವಾಗಿ ಒಬ್ಬ ಉದ್ದನೆಯವನು ನಿಂತಿದ್ದ. ಅವನನ್ನು ಕೂರಲು ಹೇಳಿದ. ಅವನು ಕೂರುವವರೆಗೆ ಕಾದ. ಆಮೇಲೆ, ಮಗಳು ಕೈಗವಸು ಎಳೆದುಕೊಂಡಲ್ಲಿಂದ, ಒಂದೂ ಬಿಡದೆ ಹೇಳಲು ಶುರುಮಾಡಿದ.