ಸಲಹೆಗಾರರು ನೋಡಲು ಬಂದ ದಾರಿ

ಅರ್ಧ ಆಯಸ್ಸು ಸರ್ಕಾರದ ಮೇಲೆ ದಾವೆ ಹೂಡಿಯೇ ಹೊಟ್ಟೆ ಹೊರೆದ ವಕೀಲರನ್ನು ಸರ್ಕಾರವೇ ಕಾನೂನು ಸಲಹೆಗಾರರನ್ನಾಗಿ ನೇಮಿಸಿಕೊಂಡಾಗ ಅವರ ಹೆಂಡತಿಗೆ ನಗು ತಡೆಯಲಾಗಲಿಲ್ಲ.

"ಇನ್ನು ಯಾರನ್ನ ಬೈತೀರಿ? ನಾನೊಬ್ಬಳೇ ಉಳಿದೆ."

ಮೊದಲು ಬಂದ ಕಡತ ಉಗ್ರಾಣ ಇಲಾಖೆಯದು. ಇಲಾಖೆ ತನ್ನ ಜಾಗದಲ್ಲಿ ಗೋದಾಮು ಕಟ್ಟಲು ಹೊರಟಿತ್ತು. ಆ ಜಾಗದ ನಡುವೆಯೇ ಕೆರೆಗೆ ಹೋಗುವ ಹಳೆಯ ದಾರಿಯಿದೆಯೆಂದು ಊರವರು ಕೋರ್ಟಿಗೆ ಹೋಗಿ ಗೆದ್ದಿದ್ದರು. ಮೇಲ್ಮನವಿ ಹಾಕಬೇಕೋ ಬೇಡವೋ, ಸಲಹೆಗಾರರು ಹೇಳಬೇಕು. ಹಾಕಿದರೆ ತೀರ್ಪು ಬರುವತನಕ ದಾರಿಗೆ ಬೇಲಿ. ದನಕರು ನೀರಿಗೆ ಗುಡ್ಡ ಬಳಸಿ ಹೋಗಬೇಕು.

"ನೋಡ್ಕೊಂಡು ಬರೋಣ," ಎಂದರು ವಕೀಲರು.

ಇಲಾಖೆಯ ಎಂಜಿನಿಯರ್ ಕಕ್ಕಾಬಿಕ್ಕಿಯಾದ. "ಸಲಹೆ ಕೂತಲ್ಲೇ ಬರೆಯೋದು ಸಾರ್, ಇಲ್ಲಿನ ಪದ್ಧತಿ."

"ನಡೆಯೋ ದಾರಿನ ಕೂತು ಹೇಗ್ರೀ ನೋಡೋದು?"

ಹೋಗಿ ನೋಡಿದರೆ ದಾರಿಯೇ ಇಲ್ಲ. ಇಡೀ ಜಾಗಕ್ಕೆ ಹೊಸ ಮಣ್ಣು ಹರಡಿ, ನೀರು ಚಿಮುಕಿಸಿ, ಅಂಗಳದಂತೆ ಮಟ್ಟಸ ಮಾಡಲಾಗಿತ್ತು. ಊರವರ ಮುಂದೆ ನಿಂತಿದ್ದವಳು ಎಮ್ಮೆ ಸಾಕುವ ಹೆಂಗಸು. ಎಲ್ಲರಿಗೂ ಅವಳು ದೊಡ್ಡಕ್ಕ.

"ದೊಡ್ಡೋರು ಬರ್ತಾರೆ ಅಂತ ಎಲ್ಲಾ ಸೇರಿ ಸಮ ಮಾಡಿದ್ವಿ ಸ್ವಾಮಿ. ನಿಮ್ಮ ಕಾಲಿಗೆ ಕಲ್ಲು ತಾಗಬಾರದು ನೋಡಿ."

ಎಂಜಿನಿಯರ್ ಮುಖ ಅರಳಿತು. "ಸವೆದ ದಾರಿ ಇದೆ ಅಂತ ತೀರ್ಪು. ಎಲ್ಲಿದೆ ಸಾರ್?"

ವಕೀಲರು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. "ಅಲ್ಲಮ್ಮಾ, ನಿಮ್ಮ ಸಾಕ್ಷಿನ ನೀವೇ ಹೂತುಬಿಟ್ರಲ್ಲ!"

"ಅಯ್ಯೋ, ಮರ್ಯಾದೆ ಮಾಡೋಣ ಅಂತ..." ದೊಡ್ಡಕ್ಕನ ಮುಖ ಬಾಡಿತು.

ಹಿಂದಾದರೆ ವಕೀಲರು ಅವಳ ಪರವಾಗಿ ಅಲ್ಲೇ ಗಂಟಲು ಹರಿದುಕೊಳ್ಳುತ್ತಿದ್ದರು. ಈಗ ಕಣ್ಣಿಗೆ ಕಾಣದ್ದನ್ನು ಬರೆಯುವಂತಿರಲಿಲ್ಲ. ದೊಡ್ಡಕ್ಕನತ್ತ ತಿರುಗಿ ಕೇಳಿದರು:

"ಎಮ್ಮೆಗಳನ್ನ ನೀರಿಗೆ ಯಾವಾಗ ಬಿಡ್ತೀಯಮ್ಮ?"

"ಬಿಸಿಲು ಇಳಿದ ಮೇಲೆ."

"ಬಿಡು. ಯಾರೂ ಹೊಡೀಬೇಡಿ, ಕೂಗಬೇಡಿ."

ಕಾದರು. ಎಲ್ಲಕ್ಕಿಂತ ಮುಂದಿದ್ದ ಎಮ್ಮೆ ಬಂದು ಹೊಸ ಮಣ್ಣನ್ನು ಮೂಸಿತು. ಎದುರಿಗೇ ಕೆರೆ ಕಾಣುತ್ತಿತ್ತು. ಆದರೂ ಅದು ನೇರ ಹೋಗಲಿಲ್ಲ. ಎಡಕ್ಕೆ ಹೊರಳಿ, ಏನೂ ಇಲ್ಲದ ಒಂದು ಕಡೆ ಸುತ್ತು ಹಾಕಿ ಕೆರೆಗೆ ಇಳಿಯಿತು. ಹಿಂದಿನವೂ ಹಾಗೇ.

"ಅಲ್ಲಿ ಯಾಕೆ ಸುತ್ತಿದವು?" ಎಂಜಿನಿಯರ್‌ಗೇ ತಡೆಯಲಾಗಲಿಲ್ಲ.

"ಅಲ್ಲೊಂದು ಮರ ಇತ್ತಪ್ಪ. ನಿಮ್ಮೋರೇ ಕಡಿದಿದ್ದು, ನನ್ನ ಮಗಳ ಮದುವೆ ವರ್ಷ. ಇವುಗಳ ತಾಯಂದಿರು ಸುತ್ತೋರು, ಇವೂ ಸುತ್ತುತಾವೆ."

ಅವನು ಹೋಗಿ ಬೂಟಿನಿಂದ ಮಣ್ಣು ಕೆದಕಿದ. ಕೊಳೆತ ಬುಡ ಸಿಕ್ಕಿತು. ಬುಡದ ಪಕ್ಕದಲ್ಲಿ, ಹೊಸ ಮಣ್ಣಿನ ಕೆಳಗೆ, ಗೊರಸಿಗೆ ಸವೆದು ಕಲ್ಲಿನಂತಾದ ನೆಲ.

"ಮೇಲ್ಮನವಿ ಬೇಡ ಅಂತ ಬರೀತೀನಿ," ಎಂದರು ವಕೀಲರು.

"ಹಳೇ ಚಾಳಿ ಬಿಟ್ಟಿಲ್ಲ ಅಂತಾರೆ ಸಾರ್."

"ಅನ್ನಲಿ. ಸೋಲೋ ಕೇಸಿಗೆ ಇಳೀಬೇಡಿ ಅನ್ನೋದೂ ಸರ್ಕಾರದ ಪರವೇ ಕಣ್ರೀ. ಗೋದಾಮನ್ನ ಆ ಕಡೆ ಸರಿಸಿ."

ಎಂಜಿನಿಯರ್ ಆ ಕಡೆಯ ಪೊದೆಗಳನ್ನು ನೋಡಿದ. ಆಮೇಲೆ ದೊಡ್ಡಕ್ಕನ ಹತ್ತಿರ ಬಂದು ದನಿ ತಗ್ಗಿಸಿದ.

"ಅಲ್ಲಿ ನಿಮ್ಮ ಎಮ್ಮೆಗಳು ಹೋಗಲ್ಲ ತಾನೇ?"